ಎಣ್ಣೆ, ಉಪ್ಪು, ಕ್ಯಾಲ್ಸಿಯಂ: ಸಲಹೆಯ ಜತೆ ಅಳತೆಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಒಂದು ವಾರ ಎಣ್ಣೆಯ ಮಾತು ಬರುತ್ತದೆ, ಇನ್ನೊಂದು ವಾರ ಕ್ಯಾಲ್ಸಿಯಂ, ಮತ್ತೊಂದು ವಾರ ಉಪ್ಪು. ಬರೆಯುವವರು ಬೇರೆ ಬೇರೆಯಾದರೂ ಓದಿ ಪಾಲಿಸುವವರು ಒಂದೇ ಮಂದಿ. ಅರವತ್ತು ದಾಟಿದವರು ಎಣ್ಣೆ ಬಿಡುತ್ತಾರೆ, ಉಪ್ಪು ಬಿಡುತ್ತಾರೆ, ಕ್ಯಾಲ್ಸಿಯಂ, ಸತು, ಮೀನೆಣ್ಣೆ, ವಿಟಮಿನ್ ಇ ಮಾತ್ರೆಗಳನ್ನು ಒಟ್ಟಿಗೆ ನುಂಗುತ್ತಾರೆ. ಆಮೇಲೆ ತಲೆಸುತ್ತು, ಸೆಳೆತ, ಸುಸ್ತು ಶುರುವಾದರೆ ಅದು ಯಾವುದರಿಂದ ಎಂದು ಹೇಳುವುದು ವೈದ್ಯರಿಗೂ ಕಷ್ಟವಾಗುತ್ತದೆ. ಕೊಬ್ಬನ್ನೂ ಖನಿಜಗಳನ್ನೂ ಬಿಡಿಬಿಡಿಯಾಗಿ ನೋಡುವುದೇ ಇದಕ್ಕೆ ದೊಡ್ಡ ಕಾರಣ ಎಂಬುದು ನಮ್ಮ ಅನಿಸಿಕೆ. ದೇಹದಲ್ಲಿ ಅವೆರಡೂ ಒಂದೇ ಜಾಗದಲ್ಲಿ ಕೆಲಸ ಮಾಡುತ್ತವೆ.

ಆ ಜಾಗವೆಂದರೆ ಜೀವಕೋಶದ ಪೊರೆ. ಅದರ ಮೂಲ ಹಂದರ ಕೊಬ್ಬಿನದು. ನಾವು ತಿನ್ನುವ ಕೊಬ್ಬಿನ ಬಗೆ ಬದಲಾದರೆ, ವಾರಗಳು ಕಳೆಯುವಷ್ಟರಲ್ಲಿ ಪೊರೆಯಲ್ಲಿರುವ ಕೊಬ್ಬಿನಾಮ್ಲಗಳ ಪಾಲೂ ಸ್ವಲ್ಪಮಟ್ಟಿಗೆ ಬದಲಾಗುತ್ತದೆ. ಅದೇ ಪೊರೆಯಲ್ಲಿ ಸೋಡಿಯಂ-ಪೊಟ್ಯಾಶಿಯಂ ಪಂಪ್ ಇದೆ. 1957ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೋ ಅದನ್ನು ಗುರುತಿಸಿದರು, 1997ರಲ್ಲಿ ಅದಕ್ಕಾಗಿ ನೊಬೆಲ್ ಪಡೆದರು. ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಶಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುವ ಈ ಪಂಪ್‌ಗೆ ಮೆಗ್ನೀಶಿಯಂ ಬೇಕೇ ಬೇಕು. ಮೆಗ್ನೀಶಿಯಂ ತೀರಾ ಇಳಿದವರಿಗೆ ಎಷ್ಟೇ ಪೊಟ್ಯಾಶಿಯಂ ಕೊಟ್ಟರೂ ಅದು ಮೂತ್ರದಲ್ಲಿ ಹೋಗಿಬಿಡುತ್ತದೆ. ಮೊದಲು ಮೆಗ್ನೀಶಿಯಂ ಸರಿಮಾಡಿದ ಮೇಲೆಯೇ ಪೊಟ್ಯಾಶಿಯಂ ನಿಲ್ಲುವುದು.

ಪೊರೆಯ ಇನ್ನೊಂದು ಸಮಸ್ಯೆ ಉತ್ಕರ್ಷಣ, ಅಂದರೆ ಆಮ್ಲಜನಕ ತಗುಲಿ ಕೊಬ್ಬು ಕೆಡುವುದು. ಡಬ್ಬಿಯಲ್ಲಿಟ್ಟ ಎಣ್ಣೆ ಕಮಟು ಹಿಡಿಯುವುದೂ ಇದೇ ರಾಸಾಯನಿಕ ಕ್ರಿಯೆಯಿಂದ. ಕೊಬ್ಬಿನಾಮ್ಲದಲ್ಲಿ ದ್ವಿಬಂಧಗಳು (ಇಂಗಾಲದ ಎರಡು ಪರಮಾಣುಗಳ ನಡುವಿನ ಜೋಡಿ ಬಂಧಗಳು) ಹೆಚ್ಚಿದಷ್ಟೂ ಅದು ಬೇಗ ಕೆಡುತ್ತದೆ. ಒಂದೇ ದ್ವಿಬಂಧವಿರುವ ಓಲಿಯಿಕ್ ಆಮ್ಲಕ್ಕಿಂತ ಎರಡಿರುವ ಲಿನೋಲಿಯಿಕ್ ಆಮ್ಲ ಹತ್ತಾರು ಪಟ್ಟು ವೇಗವಾಗಿ ಕೆಡುತ್ತದೆ. ಮಿದುಳಿನಲ್ಲೂ ಕಣ್ಣಿನ ಅಕ್ಷಿಪಟಲದಲ್ಲೂ ತುಂಬಿರುವ ಒಮೆಗಾ-3 ಕೊಬ್ಬಾದ ಡಿಎಚ್‌ಎಯಲ್ಲಿ ಆರು ದ್ವಿಬಂಧಗಳಿವೆ. ದೇಹಕ್ಕೆ ಅತ್ಯಗತ್ಯವಾದ ಕೊಬ್ಬೇ ಬೇಗ ಕೆಡುವ ಕೊಬ್ಬು ಕೂಡ. ಆದ್ದರಿಂದ ದೇಹ ಅದಕ್ಕೆ ಕಾವಲನ್ನೂ ಇಟ್ಟಿದೆ. ಪೊರೆಯೊಳಗೆ ವಿಟಮಿನ್ ಇ ಇರುತ್ತದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಒಂದು ಕಡೆ ತಾಮ್ರ ಮತ್ತು ಸತುವಿನಿಂದ, ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದೊಳಗೆ ಮ್ಯಾಂಗನೀಸ್‌ನಿಂದ ನಡೆಯುತ್ತದೆ. ಗ್ಲುಟಥಯೋನ್ ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವಕ್ಕೆ ಸೆಲೆನಿಯಂ ಬೇಕೆಂದು 1973ರಲ್ಲಿ ತಿಳಿಯಿತು. ಹಾಗೆಂದು ಖನಿಜಗಳೆಲ್ಲ ರಕ್ಷಕರೇ ಅಲ್ಲ. ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿ ಉಳಿದ ಕಬ್ಬಿಣ ಮತ್ತು ತಾಮ್ರದ ಅಯಾನುಗಳು ಇದೇ ಕೆಡುವ ಕ್ರಿಯೆಯನ್ನು ಜೋರು ಮಾಡುತ್ತವೆ.

ವಯಸ್ಸಾಗುವುದಕ್ಕೆ ಇಂಥ ಹಾನಿ ಒಟ್ಟುಗೂಡುವುದೇ ಕಾರಣ ಎಂದು 1956ರಲ್ಲಿ ಅಮೆರಿಕದ ವಿಜ್ಞಾನಿ ಡೆನ್ಹಮ್ ಹಾರ್ಮನ್ ಮಂಡಿಸಿದ ವಾದ ಈಗ ಪೂರ್ತಿ ವಿವರಣೆಯಾಗಿ ಉಳಿದಿಲ್ಲ. ಆದರೆ ಅದನ್ನೇ ಹಿಡಿದು ‘ಆ್ಯಂಟಿಆಕ್ಸಿಡೆಂಟ್ ಮಾತ್ರೆ ತಿಂದರೆ ಮುಪ್ಪು ತಡವಾಗುತ್ತದೆ’ ಎಂದು ಮಾರುವವರು ಇನ್ನೂ ಇದ್ದಾರೆ. 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ‘ಸೆಲೆಕ್ಟ್’ ಅಧ್ಯಯನದ 2011ರ ವರದಿಯಲ್ಲಿ, ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಕಂಡಿತು. ಕೊರತೆಯನ್ನು ತುಂಬಿಸಿದರೆ ಲಾಭ ನಿಜ. ತುಂಬಿದ್ದರ ಮೇಲೆ ಸುರಿದರೆ ಅದು ಹಾನಿಯತ್ತ ತಿರುಗಬಹುದು.

ಈಗ ಕೊಬ್ಬಿನ ಪ್ರಮಾಣಕ್ಕೆ ಬರೋಣ. ಒಟ್ಟು ಕ್ಯಾಲರಿಯಲ್ಲಿ ಕೊಬ್ಬಿನ ಪಾಲು ಶೇ 30 ಮೀರಬಾರದು, ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ಬೆಣ್ಣೆ, ತೆಂಗಿನೆಣ್ಣೆಯಲ್ಲಿ ಹೆಚ್ಚಿರುವುದು) ಶೇ 10, ಟ್ರಾನ್ಸ್ ಕೊಬ್ಬು (ವನಸ್ಪತಿಯಂಥ ಗಟ್ಟಿಮಾಡಿದ ಎಣ್ಣೆಗಳಲ್ಲಿ ಇರಬಹುದಾದದ್ದು) ಶೇ 1 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಅದು ಒಟ್ಟು 67 ಗ್ರಾಂ, ಸ್ಯಾಚುರೇಟೆಡ್ 22 ಗ್ರಾಂ, ಟ್ರಾನ್ಸ್ ಬರೀ 2 ಗ್ರಾಂ ಚಿಲ್ಲರೆ. ಈ 67 ಗ್ರಾಂ ಪೂರ್ತಿ ಎಣ್ಣೆಯ ಲೆಕ್ಕವಲ್ಲ. ಹಾಲು, ಕಾಳು, ಬೀಜ, ಮಾಂಸ, ಬಿಸ್ಕತ್ತುಗಳ ಒಳಗಿರುವ, ಕಣ್ಣಿಗೆ ಕಾಣದ ಕೊಬ್ಬೂ ಅದರಲ್ಲೇ ಸೇರಿದೆ.

ಮನೆಯ ಎಣ್ಣೆಯ ಲೆಕ್ಕ ಸುಲಭ. ಒಂದು ಲೀಟರ್ ಎಣ್ಣೆ ಸುಮಾರು 915 ಗ್ರಾಂ ತೂಗುತ್ತದೆ. ನಾಲ್ವರ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 23 ಗ್ರಾಂ. 5 ಲೀಟರ್ ಆದರೆ 38 ಗ್ರಾಂ. ಎರಡನೆಯದರಲ್ಲಿ, ಕಾಣದ ಕೊಬ್ಬು ಸೇರಿದರೆ, ಮಿತಿ ದಾಟಲು ತಡವಾಗುವುದಿಲ್ಲ. ‘ಎಣ್ಣೆ ಕಡಿಮೆ ಮಾಡಿ’ ಎಂದಷ್ಟೇ ಬರೆಯುವ ಬದಲು ಈ ಭಾಗಾಕಾರವನ್ನು ಹೇಳಿಕೊಟ್ಟರೆ ಓದುಗರಿಗೆ ತಾವು ಎಲ್ಲಿದ್ದೇವೆ ಎಂದಾದರೂ ತಿಳಿಯುತ್ತದೆ.

ತೀರಾ ಕಡಿಮೆ ಮಾಡುವುದೂ ತಪ್ಪು. ವಯಸ್ಕರಿಗೆ ಕ್ಯಾಲರಿಯ ಕನಿಷ್ಠ ಶೇ 15ರಷ್ಟು ಕೊಬ್ಬಿನಿಂದ ಬರಬೇಕು, ಹೆರುವ ವಯಸ್ಸಿನ ಹೆಂಗಸರಿಗೂ ತೂಕ ಕಡಿಮೆ ಇರುವವರಿಗೂ ಶೇ 20. ಲಿನೋಲಿಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲಗಳನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ವಿಟಮಿನ್ ಎ, ಡಿ, ಇ, ಕೆ ಕರುಳಿನಿಂದ ರಕ್ತಕ್ಕೆ ಸೇರಲು ಕೊಬ್ಬು ಬೇಕು. ವಿಟಮಿನ್ ಡಿ ಸಾಲದಿದ್ದರೆ ಕ್ಯಾಲ್ಸಿಯಂ ಚೆನ್ನಾಗಿ ಸೇರದು. ಡಿ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ಅಥವಾ ಕೊಬ್ಬೇ ಇಲ್ಲದ ಹಣ್ಣಿನ ಜತೆ ತೆಗೆದುಕೊಳ್ಳುವವರು ಅದನ್ನು ದಿನದ ದೊಡ್ಡ ಊಟದ ಜತೆಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಸ್ಯಾಚುರೇಟೆಡ್ ಕೊಬ್ಬನ್ನು ಕಡಿಮೆ ಮಾಡಿ ಎಂದಾಗ ಅದರ ಜಾಗಕ್ಕೆ ಏನು ಬರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಅಲ್ಲಿಗೆ ಬಹುಅಸಂತೃಪ್ತ ಕೊಬ್ಬು (ಒಂದಕ್ಕಿಂತ ಹೆಚ್ಚು ದ್ವಿಬಂಧಗಳಿರುವುದು) ಬಂದರೆ ರಕ್ತದ ‘ಕೆಟ್ಟ’ ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಯುತ್ತದೆ. ಸಕ್ಕರೆ, ಮೈದಾ ಬಂದರೆ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) ಏರುತ್ತದೆ, ‘ಒಳ್ಳೆಯ’ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕುಸಿಯುತ್ತದೆ. ‘ಕೊಬ್ಬುರಹಿತ’ ಎಂದು ಮುದ್ರಿಸಿದ ಎಷ್ಟೋ ತಿನಿಸುಗಳಲ್ಲಿ ನಡೆದಿರುವುದು ಈ ಎರಡನೆಯದೇ. 2020ರಲ್ಲಿ ಕಾಕ್ರೇನ್ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಕನಿಷ್ಠ ಎರಡು ವರ್ಷ ಸ್ಯಾಚುರೇಟೆಡ್ ಕೊಬ್ಬನ್ನು ಕಡಿಮೆ ಮಾಡಿದವರಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆಗಳು ಒಟ್ಟಾರೆ ಶೇ 17ರಷ್ಟು ಕಡಿಮೆಯಾಗಿದ್ದವು. ಒಟ್ಟು ಸಾವಿನ ಪ್ರಮಾಣದಲ್ಲಿ ಮಾತ್ರ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ. ಈ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನೋ ಎರಡನೆಯದನ್ನೋ ಮಾತ್ರ ಎತ್ತಿಕೊಂಡು ಬರೆದ ಲೇಖನಗಳೇ ಓದುಗರನ್ನು ಅತ್ತಿಂದಿತ್ತ ಓಡಿಸಿರುವುದು.

ಎಣ್ಣೆಯ ಹೆಸರಿಗಿಂತ ಅದನ್ನು ಬಳಸುವ ರೀತಿಯ ಮೇಲೆ ಹೆಚ್ಚು ಗಮನ ಬೇಕು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವೇ ಶೇ 60ರ ಆಸುಪಾಸು. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್. ಇವು ಒಗ್ಗರಣೆಗೋ ಹಸಿಯಾಗಿ ಬೆರೆಸಲೋ ಸರಿ (ಅಗಸೆ ಎಣ್ಣೆಯಂತೂ ಹಸಿಯಾಗಿಯೇ). ಗಂಟೆಗಟ್ಟಲೆ ಕರಿಯುವುದಕ್ಕೆ ಓಲಿಯಿಕ್ ಆಮ್ಲ ಹೆಚ್ಚಿರುವ ಎಣ್ಣೆಗಳು ತಾಳಿಕೊಳ್ಳುತ್ತವೆ. ಕರಿಯುವಾಗ ಪದಾರ್ಥದ ನೀರು ಕೊಬ್ಬನ್ನು ಒಡೆದು ಆಮ್ಲಗಳನ್ನು ಬಿಡಿಸುತ್ತದೆ, ಅದರಿಂದ ಎಣ್ಣೆ ಹೊಗೆಯಾಡುವ ಉಷ್ಣತೆ ಪ್ರತಿ ಸಲ ಕೆಳಗಿಳಿಯುತ್ತದೆ. ಗಾಳಿ ಸೇರಿ ಪೆರಾಕ್ಸೈಡ್‌ಗಳೂ ಆಲ್ಡಿಹೈಡ್‌ಗಳೂ ಹುಟ್ಟುತ್ತವೆ. ತಳದಲ್ಲಿ ಉಳಿದ ಕರಕಲು ಚೂರುಗಳು ಇದನ್ನೆಲ್ಲ ಚುರುಕುಗೊಳಿಸುತ್ತವೆ. ನೊರೆ ಏಳುವುದು, ಬಣ್ಣ ಗಾಢವಾಗುವುದು, ಎಣ್ಣೆ ಅಂಟಂಟಾಗುವುದು, ಮೊದಲಿಗಿಂತ ಬೇಗ ಹೊಗೆ ಬರುವುದು ಕಂಡರೆ ಅದನ್ನು ಚೆಲ್ಲಬೇಕು. ಹೊಸ ಎಣ್ಣೆ ಬೆರೆಸಿ ಮುಂದುವರಿಸಿದರೆ ಹೊಸದೂ ಬೇಗ ಕೆಡುತ್ತದೆ. ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆ ಪಾತ್ರೆಯಲ್ಲಿ ಎಣ್ಣೆ ಶೇಖರಿಸಬಾರದು. ತಾಮ್ರದ ಅತ್ಯಲ್ಪ ಅಂಶವೂ ಉತ್ಕರ್ಷಣಕ್ಕೆ ಬಲವಾದ ಪ್ರಚೋದಕ. ಗಾಢಬಣ್ಣದ ಗಾಜು ಅಥವಾ ಸ್ಟೀಲ್ ಪಾತ್ರೆ, ಬಿಗಿ ಮುಚ್ಚಳ, ಒಲೆಯಿಂದ ದೂರದ ಜಾಗ, ಒಂದು ತಿಂಗಳಲ್ಲಿ ಮುಗಿಯುವಷ್ಟೇ ಖರೀದಿ ಸಾಕು.

ಮೀನೆಣ್ಣೆ ಮಾತ್ರೆಯ ಬಗ್ಗೆ ಒಂದು ಮಾತು. ಪೊಟ್ಟಣದ ಮುಂದೆ 1000 ಮಿಲಿಗ್ರಾಂ ಎಂದಿದ್ದರೆ ಅದು ಎಣ್ಣೆಯ ತೂಕ. ಸಾಮಾನ್ಯ ಮಾತ್ರೆಯಲ್ಲಿ ಇಪಿಎ (ಇನ್ನೊಂದು ಒಮೆಗಾ-3 ಕೊಬ್ಬು) 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ ಮಾತ್ರ ಉಪಯುಕ್ತ ಅಂಶ. 2018ರ ‘ವೈಟಲ್’ ಅಧ್ಯಯನದಲ್ಲಿ, ಸುಮಾರು 26 ಸಾವಿರ ಜನರಲ್ಲಿ, ದಿನಕ್ಕೆ 1 ಗ್ರಾಂ ಮೀನೆಣ್ಣೆ ಹೃದಯದ ದೊಡ್ಡ ಅನಾಹುತಗಳನ್ನು ಗಣನೀಯವಾಗಿ ತಗ್ಗಿಸಲಿಲ್ಲ. ಹೆಚ್ಚು ಪ್ರಮಾಣದಲ್ಲಿ ಕೊಡುವಾಗ ಹೃದಯದ ಲಯ ತಪ್ಪುವ ಅಪಾಯ ಏರುತ್ತದೆ. ಟ್ರೈಗ್ಲಿಸರೈಡ್ ತುಂಬಾ ಹೆಚ್ಚಿರುವವರಿಗೆ ವೈದ್ಯರು ಬರೆದುಕೊಡುವ ಔಷಧಿಯ ದರ್ಜೆಯ ಒಮೆಗಾ-3 ಬೇರೆಯೇ ವಿಷಯ.

ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸೋಡಿಯಂ 2000 ಮಿಲಿಗ್ರಾಂ ಒಳಗೆ. ಪೊಟ್ಯಾಶಿಯಂ ಕನಿಷ್ಠ 3510 ಮಿಲಿಗ್ರಾಂ. ಪೊಟ್ಟಣದ ಮೇಲೆ ಸೋಡಿಯಂ ಎಂದು ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 100 ಗ್ರಾಮಿಗೆ 600 ಮಿಲಿಗ್ರಾಂ ಸೋಡಿಯಂ ಎಂದರೆ ಒಂದೂವರೆ ಗ್ರಾಂ ಉಪ್ಪು. ಅಡುಗೆ ಸೋಡಾ ಕೂಡ ಸೋಡಿಯಂ. ನೀರಿನಲ್ಲಿ ಬುರುಬುರು ಕರಗುವ ಪ್ಯಾರಸಿಟಮಾಲ್ ಮಾತ್ರೆ ಒಂದರಲ್ಲಿ 400 ಮಿಲಿಗ್ರಾಂ ಆಸುಪಾಸು ಸೋಡಿಯಂ ಇರುತ್ತದೆ. ದಿನಕ್ಕೆ ಐದಾರು ತೆಗೆದುಕೊಂಡರೆ ಊಟಕ್ಕೆ ಮೊದಲೇ ದಿನದ ಮಿತಿ ಮುಗಿಯುತ್ತದೆ. ಬಿಪಿ ಇರುವವರಿಗೆ ಇದನ್ನು ಹೇಳುವವರೇ ಕಡಿಮೆ.

ಪೊಟ್ಯಾಶಿಯಂ ಕಡೆಯನ್ನು ಲೇಖನಗಳು ಸಾಮಾನ್ಯವಾಗಿ ಮರೆಯುತ್ತವೆ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಿದರೆ ಪೊಟ್ಯಾಶಿಯಂ ಅದರ ಜತೆ ಹೋಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ, ಪಾರ್ಶ್ವವಾಯು ಆಗಿದ್ದವರು ಮತ್ತು ಬಿಪಿ ಇದ್ದ ಹಿರಿಯರು ಸೇರಿ ಸುಮಾರು 21 ಸಾವಿರ ಮಂದಿಯ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸಾಮಾನ್ಯ ಉಪ್ಪಿನ ಬದಲು ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಶಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಇದು ದೊಡ್ಡ ಲಾಭ. ಆದರೆ ಕಿಡ್ನಿ ದುರ್ಬಲವಾದವರು, ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಬಗೆಯ ಮಾತ್ರೆಗಳನ್ನೋ ಸ್ಪೈರೊನೊಲ್ಯಾಕ್ಟೋನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಉಪ್ಪಿಗೆ ಹೋಗಬಾರದು. ಅವರಲ್ಲಿ ಪೊಟ್ಯಾಶಿಯಂ ಹೊರಹೋಗುವ ದಾರಿ ಕಿರಿದಾಗಿರುತ್ತದೆ, ರಕ್ತದಲ್ಲಿ ಅದು ಏರಿದರೆ ಹೃದಯ ನಿಂತುಹೋಗುವ ಅಪಾಯವಿದೆ. ಲಾಭದ ಸುದ್ದಿ ಮುದ್ರಿಸಿದವರು ಈ ಎಚ್ಚರಿಕೆಯನ್ನೂ ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಬೇಕು.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಉಂಟು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ, ಕಿಡ್ನಿಯ ಹಿಡಿತ ಸಡಿಲಾಗುತ್ತದೆ. ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆ ತೆಗೆದುಕೊಳ್ಳುತ್ತಾ, ಉಪ್ಪನ್ನು ಪೂರ್ತಿ ಬಿಟ್ಟು, ‘ನೀರು ಜಾಸ್ತಿ ಕುಡಿಯಿರಿ’ ಎಂಬ ಸಲಹೆಯನ್ನೂ ಪಾಲಿಸಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಜಾರಬಹುದು. ಹಿರಿಯರಲ್ಲಿ ಅದು ಮೊದಲು ಕಾಣುವುದು ಗೊಂದಲ, ಮಂಪರು, ನಡಿಗೆಯ ತೂರಾಟವಾಗಿ. ಮನೆಯವರು ಅದನ್ನು ಮರೆವಿನ ಕಾಯಿಲೆ ಎಂದುಕೊಳ್ಳುತ್ತಾರೆ. ಬಿದ್ದು ತೊಡೆಮೂಳೆ ಮುರಿದ ಮೇಲೆ ರಕ್ತಪರೀಕ್ಷೆ ಆಗುತ್ತದೆ. ಇಂಥ ಮಾತ್ರೆ ಹೊಸದಾಗಿ ಆರಂಭಿಸಿದ ಮೊದಲ ವಾರಗಳಲ್ಲೇ ಸೋಡಿಯಂ, ಪೊಟ್ಯಾಶಿಯಂ ಪರೀಕ್ಷೆ ಆಗಬೇಕು. ಹೇಳಿದ್ದು 5 ಗ್ರಾಂ ಎಂದೇ ಹೊರತು ಸೊನ್ನೆ ಎಂದಲ್ಲ.

ಕೊಬ್ಬನ್ನೂ ಖನಿಜವನ್ನೂ ಜತೆಯಾಗಿ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಆಹಾರದಿಂದ ಬಿಪಿ ಇಳಿಯುತ್ತದೆಯೇ ಎಂದು ನೋಡಿದ 1997ರ ‘ಡ್ಯಾಶ್’ ಪ್ರಯೋಗಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಗೊತ್ತಿಲ್ಲ. 459 ಜನ, ಎಂಟು ವಾರ. ಉಪ್ಪನ್ನೂ ತೂಕವನ್ನೂ ಬದಲಾಯಿಸಲಿಲ್ಲ. ಒಂದು ಗುಂಪಿಗೆ ಹಣ್ಣು-ತರಕಾರಿ ಮಾತ್ರ ಹೆಚ್ಚಿಸಿದರು; ಹಳೆಯ ಆಹಾರವನ್ನೇ ತಿಂದವರಿಗೆ ಹೋಲಿಸಿದರೆ ಮೇಲಿನ ಬಿಪಿ 2.8 ಅಂಕ ಇಳಿಯಿತು. ಇನ್ನೊಂದು ಗುಂಪಿಗೆ ಅದರ ಜತೆಗೆ ಕೊಬ್ಬು ಕಡಿಮೆಯಾದ ಹಾಲಿನ ಪದಾರ್ಥ ಕೊಟ್ಟು ಸ್ಯಾಚುರೇಟೆಡ್ ಕೊಬ್ಬನ್ನೂ ಇಳಿಸಿದರು, ಬಿಪಿ 5.5 ಅಂಕ ಇಳಿಯಿತು. ಮೊದಲೇ ಬಿಪಿ ಇದ್ದವರಲ್ಲಂತೂ 11.4. ಆ ಆಹಾರಕ್ರಮದ ಗುರಿ ಹೀಗಿತ್ತು: ಕ್ಯಾಲರಿಯ ಶೇ 27 ಕೊಬ್ಬು, ಶೇ 6 ಸ್ಯಾಚುರೇಟೆಡ್, ಪೊಟ್ಯಾಶಿಯಂ 4700, ಮೆಗ್ನೀಶಿಯಂ 500, ಕ್ಯಾಲ್ಸಿಯಂ 1240 ಮಿಲಿಗ್ರಾಂ. ಅಷ್ಟೂ ಆಹಾರದಿಂದಲೇ, ಒಂದೂ ಮಾತ್ರೆ ಇಲ್ಲದೆ.

ಕ್ಯಾಲ್ಸಿಯಂ ವಿಷಯದಲ್ಲಿ ಗೊಂದಲ ಹೆಚ್ಚು. ದೇಹದ ಶೇ 99 ಕ್ಯಾಲ್ಸಿಯಂ ಮೂಳೆ-ಹಲ್ಲುಗಳಲ್ಲಿದೆ. ರಕ್ತದಲ್ಲಿ ಅದು ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ಎಳೆದು ಸರಿದೂಗಿಸುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದರೆ ಮೂಳೆ ಗಟ್ಟಿಯಾಗಿದೆ ಎಂದಲ್ಲ. ಅದಕ್ಕೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು, ಅದರಲ್ಲಿ ಟಿ-ಅಂಕ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಐವತ್ತು ದಾಟಿದ ಹೆಂಗಸರಿಗೆ 1200. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಶೇ 30 ದೇಹಕ್ಕೆ ಸೇರುತ್ತದೆ. ಪಾಲಕ್‌ನಲ್ಲಿ ಆಕ್ಸಲೇಟ್ ಎಂಬ ಸಸ್ಯಜನ್ಯ ವಸ್ತು ಅದನ್ನು ಹಿಡಿದುಕೊಳ್ಳುವುದರಿಂದ ಶೇ 5ರಷ್ಟೇ. ‘ಸೊಪ್ಪು ತಿಂದರೆ ಸಾಕು’ ಎನ್ನುವಾಗ ಯಾವ ಸೊಪ್ಪು ಎಂದು ಹೇಳಬೇಕು.

ಮಾತ್ರೆಯೇ ಬೇಕಾದರೆ ಪೊಟ್ಟಣದ ಹಿಂದೆ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಶುದ್ಧ ಕ್ಯಾಲ್ಸಿಯಂ ಶೇ 40, ಸಿಟ್ರೇಟ್‌ನಲ್ಲಿ ಶೇ 21. 1250 ಮಿಲಿಗ್ರಾಂ ಕಾರ್ಬೊನೇಟ್ ಮಾತ್ರೆ ಎಂದರೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಕರುಳು ಚೆನ್ನಾಗಿ ಹೀರುವುದಿಲ್ಲ. ಕಾರ್ಬೊನೇಟ್‌ಗೆ ಹೊಟ್ಟೆಯ ಆಮ್ಲ ಬೇಕು, ಊಟದ ಜತೆ ತೆಗೆದುಕೊಳ್ಳಬೇಕು. ಗ್ಯಾಸ್‌ಗೆಂದು ಆಮ್ಲ ತಗ್ಗಿಸುವ ಮಾತ್ರೆ ತಿನ್ನುವವರಿಗೆ ಸಿಟ್ರೇಟ್ ಮೇಲು. ಥೈರಾಕ್ಸಿನ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಜತೆ ನುಂಗಬಾರದು.

ಕೊಬ್ಬಿನ ಜತೆಗಿನ ನಂಟು ಇಲ್ಲೂ ಇದೆ. ಪಿತ್ತರಸ, ಮೇದೋಜೀರಕ ಗ್ರಂಥಿ ಅಥವಾ ಕರುಳಿನ ಕಾಯಿಲೆಯಿಂದ ಕೊಬ್ಬು ಜೀರ್ಣವಾಗದೆ ಉಳಿದರೆ ಕ್ಯಾಲ್ಸಿಯಂ ಅದರೊಂದಿಗೆ ಸೇರಿ ಕರುಳಲ್ಲೇ ಸಾಬೂನಾಗಿ ಮಲದಲ್ಲಿ ಹೋಗುತ್ತದೆ. ಆಗ ಆಕ್ಸಲೇಟನ್ನು ಹಿಡಿದಿಡಲು ಕ್ಯಾಲ್ಸಿಯಂ ಉಳಿಯುವುದಿಲ್ಲ. ಬಿಡಿ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಕಿಡ್ನಿ ಕಲ್ಲು ಎಂದೊಡನೆ ಹಾಲು ಬಿಡಿಸುವವರು ಇದನ್ನು ಗಮನಿಸಬೇಕು: ಊಟದಲ್ಲಿರುವ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಕಟ್ಟಿಹಾಕಿ ಕಲ್ಲನ್ನು ತಡೆಯುತ್ತದೆ. ಕಲ್ಲಿನ ಅಪಾಯ ಸ್ವಲ್ಪ ಏರಿದ್ದು ಮಾತ್ರೆಯ ರೂಪದಲ್ಲಿ ತೆಗೆದುಕೊಂಡವರಲ್ಲಿ.

ಮೆಗ್ನೀಶಿಯಂ ಪರೀಕ್ಷೆಯೂ ಅರೆಬರೆ ಸತ್ಯವನ್ನಷ್ಟೇ ಹೇಳುತ್ತದೆ. ದೇಹದ ಸುಮಾರು 25 ಗ್ರಾಮಿನಲ್ಲಿ ರಕ್ತದ್ರವದಲ್ಲಿರುವುದು ಶೇ 1ಕ್ಕಿಂತ ಕಡಿಮೆ. ಆಮ್ಲ ತಗ್ಗಿಸುವ ಒಮೆಪ್ರಜೋಲ್ ಬಗೆಯ ಮಾತ್ರೆಗಳನ್ನು ವರ್ಷಕ್ಕೂ ಹೆಚ್ಚು ಕಾಲ ತಿನ್ನುವವರಲ್ಲಿ ಮೆಗ್ನೀಶಿಯಂ ಕುಸಿಯಬಹುದೆಂದು ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. ಅಂಥವರಿಗೆ ಕಾಲು ಸೆಳೆತ, ಎದೆಬಡಿತದ ಏರುಪೇರು ಇದ್ದರೆ ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಶಿಯಂ ಮೂರನ್ನೂ ಒಟ್ಟಿಗೆ ನೋಡಬೇಕು.

ಸತುವಿನ ಮಾತ್ರೆಯನ್ನು ನೆಗಡಿಗೆಂದು ಆರಂಭಿಸಿ ತಿಂಗಳುಗಟ್ಟಲೆ ಮುಂದುವರಿಸುವುದು ಅಪಾಯಕಾರಿ ಅಭ್ಯಾಸ. ದಿನಕ್ಕೆ ಬೇಕಾದ್ದು 8ರಿಂದ 11 ಮಿಲಿಗ್ರಾಂ, ಮೇಲ್ಮಿತಿ 40. 50 ಮಿಲಿಗ್ರಾಂ ಮಾತ್ರೆ ವಾರಗಟ್ಟಲೆ ಹೋದರೆ ಕರುಳಿನ ಕೋಶಗಳಲ್ಲಿ ಲೋಹ ಹಿಡಿಯುವ ಪ್ರೋಟೀನ್ ಹೆಚ್ಚುತ್ತದೆ. ಅದು ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಂಡು, ಕೋಶ ಕಳಚಿ ಬಿದ್ದಾಗ ಅದರೊಂದಿಗೇ ಹೊರಹೋಗುತ್ತದೆ. ಆಗ ತಾಮ್ರದ ಕೊರತೆಯಾಗಿ, ಕಬ್ಬಿಣಕ್ಕೆ ಬಗ್ಗದ ರಕ್ತಹೀನತೆ, ಬಿಳಿ ರಕ್ತಕಣಗಳ ಇಳಿಕೆ, ಕಾಲು ಜೋಮು, ತಡವರಿಸುವ ನಡಿಗೆ ಬರುತ್ತವೆ. ಕೊನೆಯವೆರಡು ಪೂರ್ತಿ ವಾಸಿಯಾಗದೆ ಉಳಿಯಬಹುದು. ಕಣ್ಣಿನ ಮ್ಯಾಕ್ಯುಲಾ (ಅಕ್ಷಿಪಟಲದ ನಡುಭಾಗ) ಸವೆತಕ್ಕೆ ಕೊಡುವ ‘ಏರೆಡ್ಸ್’ ಸೂತ್ರದಲ್ಲಿ 80 ಮಿಲಿಗ್ರಾಂ ಸತುವಿನ ಜತೆ 2 ಮಿಲಿಗ್ರಾಂ ತಾಮ್ರ ಇಟ್ಟಿರುವುದು ಇದಕ್ಕಾಗಿಯೇ.

ಕಬ್ಬಿಣದ ಅಗತ್ಯ ಮುಟ್ಟು ನಿಂತ ಮೇಲೆ ದಿನಕ್ಕೆ 18ರಿಂದ 8 ಮಿಲಿಗ್ರಾಮಿಗೆ ಇಳಿಯುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ಬೇರೆ ದಾರಿ ಇಲ್ಲ, ದಿನಕ್ಕೆ 1 ಮಿಲಿಗ್ರಾಂ ಆಸುಪಾಸು ತಾನಾಗಿ ಹೋಗುವುದಷ್ಟೇ. ಹಿರಿಯರಲ್ಲಿ ರಕ್ತಹೀನತೆ ಕಂಡರೆ ಮಾತ್ರೆಗೆ ಮೊದಲು ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಪರೀಕ್ಷೆ, ಹೊಟ್ಟೆ-ಕರುಳಿನಲ್ಲಿ ರಕ್ತಸ್ರಾವ ಇದೆಯೇ ಎಂಬ ತಪಾಸಣೆ ಆಗಬೇಕು. ಉರಿಯೂತವಿದ್ದಾಗ ಫೆರಿಟಿನ್ ತಾನಾಗಿ ಏರುವುದರಿಂದ ಕೊರತೆ ಮುಚ್ಚಿಹೋಗಬಹುದು ಎಂಬುದೂ ನೆನಪಿರಲಿ. ಆಹಾರದಿಂದ ಹೆಚ್ಚಿಸುವವರಿಗೆ, ಕಾಳುಗಳನ್ನು ನೆನೆಸಿ ಮೊಳಕೆ ಬರಿಸುವುದು, ಹಿಟ್ಟನ್ನು ಹುದುಗಿಸುವುದು ಖನಿಜಗಳನ್ನು ಹಿಡಿದಿಡುವ ಫೈಟೇಟ್ ಅಂಶವನ್ನು ತಗ್ಗಿಸಿ ಕಬ್ಬಿಣ, ಸತು ಎರಡನ್ನೂ ಬಿಡಿಸಿಕೊಡುತ್ತದೆ. ಹುಳಿ ಹಣ್ಣಿನ ವಿಟಮಿನ್ ಸಿ ನೆರವಾಗುತ್ತದೆ. ಊಟದ ಜತೆಗಿನ ಚಹಾ, ಕಾಫಿ ಅಡ್ಡಿಯಾಗುತ್ತವೆ, ಒಂದು ಗಂಟೆಯಾದರೂ ಅಂತರವಿರಲಿ. ಕೂದಲನ್ನು ಕಳುಹಿಸಿದರೆ ಎಲ್ಲ ಖನಿಜಗಳ ಸಮತೋಲನ ಹೇಳುತ್ತೇವೆ ಎನ್ನುವ ಪರೀಕ್ಷೆಗಳಿಗೆ ಹಣ ಕೊಡಬೇಡಿ. ಶಾಂಪೂ, ಬಣ್ಣ, ನೀರು ಎಲ್ಲವೂ ಆ ಫಲಿತಾಂಶವನ್ನು ಕೆಡಿಸುತ್ತವೆ.

ನಿಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ. ಎಣ್ಣೆ, ಉಪ್ಪು ಅಥವಾ ಖನಿಜದ ಬಗ್ಗೆ ಯಾವ ಲೇಖನ ಪ್ರಕಟಿಸಿದರೂ ದಿನಕ್ಕೆ ಎಷ್ಟು ಗ್ರಾಂ ಅಥವಾ ಮಿಲಿಗ್ರಾಂ, ಯಾವುದರ ಬದಲಿಗೆ, ಮೇಲ್ಮಿತಿ ಎಷ್ಟು ಎಂಬುದನ್ನು ಲೇಖಕರಿಂದ ಬರೆಸಿಕೊಳ್ಳಿ. ಕಿಡ್ನಿ ಕಾಯಿಲೆ ಇರುವವರು, ಬಿಪಿ, ಥೈರಾಯ್ಡ್, ಗ್ಯಾಸ್ ಮಾತ್ರೆ ತಿನ್ನುವವರು ಆ ಸಲಹೆ ಪಾಲಿಸಬಹುದೇ ಎಂಬುದಕ್ಕೆ ಕೊನೆಯಲ್ಲಿ ಒಂದು ಚೌಕಟ್ಟು ಮೀಸಲಿಡಿ.

ಇಂತಿ,
ಪೋಷಣಾ ವಿಜ್ಞಾನದ ಅಧ್ಯಾಪಕರು